ಹುಲ್ಲಿಗೆಂದು ತಂದ ಹುಳುಗಳು

ಒದ್ದೆಯಾದದ್ದು ಏನೇ ಕಂಡರೂ ಬಿಸಿಲಿಗೆ ಹಾಕದಿದ್ದರೆ ನಮ್ಮ ಅತ್ತೆಗೆ ಸಮಾಧಾನವಿಲ್ಲ. ಹಾಸಿಗೆ, ಚಪ್ಪಲಿ, ಬೆಂಕಿಪೊಟ್ಟಣ, ಒಮ್ಮೆ ಗೋಡೆ ಗಡಿಯಾರ ಕೂಡ. ಇದು ಚೆನ್ನಾಗಿ ಗೊತ್ತಿದ್ದೂ ಗಂಡ ಹೆಂಡತಿ ಇಬ್ಬರೂ ಅವರಿಗೆ ಸುಳ್ಳು ಹೇಳಿದೆವು.

ನಮ್ಮನೆಯವರು ಈ ವಸತಿ ಕಟ್ಟಡಗಳ ಮಾಲಿ. ಪಂಪ್ ಮನೆಯ ಹಿಂದಿನ ಕೋಣೆ ನಮ್ಮದು. ಎದುರಿನ ಹುಲ್ಲುಹಾಸಿನ ಬೇರನ್ನು ಗೊಣ್ಣೆಹುಳುಗಳು ತಿಂದು ತೇಗುತ್ತಿದ್ದವು. ಕೈಹಾಕಿ ಎತ್ತಿದರೆ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ವಿಷ ಹೊಡೆಸಿ ಎಂದು ಇಲ್ಲಿಯ ಮನೆಗಳವರೆಲ್ಲ ಸಂಘದ ಕಾರ್ಯದರ್ಶಿಯ ಬೆನ್ನು ಬಿದ್ದಿದ್ದರು. ಹೊಡೆದರೆ ನಮ್ಮ ಪುಟ್ಟಿ ಎಲ್ಲಿಗೆ ಹೋಗಬೇಕು? ಕಾಲಲ್ಲಿ ಬಲವಿಲ್ಲದ ಮಗು. ಬಿದ್ದರೂ ನೋಯುವುದಿಲ್ಲವೆಂದು ಆ ಹುಲ್ಲಿನ ಮೇಲೆ ಮಾತ್ರ ಅಜ್ಜಿಯ ಬೆರಳು ಹಿಡಿದು ಹೆಜ್ಜೆ ಹಾಕುತ್ತಾಳೆ. ಬಿದ್ದಾಗ ಹುಲ್ಲು ಕಿತ್ತು ಬಾಯಿಗೂ ಹಾಕಿಕೊಳ್ಳುತ್ತಾಳೆ, ತುಂಟಿ. “ಈಗ ನಿಲ್ಲಿಸಿದ್ರೆ ಕಲ್ತಿದ್ದೂ ಹೋಗುತ್ತೆ” ಎಂದು ಅವಳಿಗೆ ವ್ಯಾಯಾಮ ಹೇಳಿಕೊಡುವವರು ಖಡಾಖಂಡಿತವಾಗಿ ಹೇಳಿದ್ದರು.

ನಮ್ಮನೆಯವರು ಕಾರ್ಯದರ್ಶಿಯ ಕೈಕಾಲು ಹಿಡಿದು, ವಿಷವಿಲ್ಲದೆ ಗೊಣ್ಣೆಹುಳು ಕೊಲ್ಲಲು ಒಂದೇ ಒಂದು ಅವಕಾಶ ಕೇಳಿಕೊಂಡರು. ದೂರದ ಪ್ರಯೋಗಾಲಯದಿಂದ ಪೊಟ್ಟಣ ಬಂತು. ನೋಡಲು ಒದ್ದೆ ಹಿಟ್ಟು. ಒಳಗಿರುವುದು ಕಣ್ಣಿಗೆ ಕಾಣದ ಜೀವಂತ ಹುಳುಗಳು. ನೀರಿಗೆ ಬೆರೆಸಿ ಸಂಜೆ ಹುಲ್ಲಿಗೆ ಹಾಕಿದರೆ ಮಣ್ಣಿಗಿಳಿದು, ಗೊಣ್ಣೆಹುಳುವಿನ ಒಳಹೊಕ್ಕು ಅದನ್ನು ಕೊಲ್ಲುತ್ತವಂತೆ. ಮನುಷ್ಯರ ತಂಟೆಗೆ ಬರುವುದಿಲ್ಲವಂತೆ. ಬಿಸಿಲು ಬಿದ್ದರೆ ಮಾತ್ರ ಸತ್ತೇಹೋಗುತ್ತವೆ, ಹುಲ್ಲಿಗೆ ಹಾಕುವವರೆಗೆ ಫ್ರಿಜ್ಜಿನಲ್ಲಿಡಬೇಕು. ಹಾಲಿನ ಪಕ್ಕ ಹುಳು ಎಂದರೆ ಅತ್ತೆ ಮನೆಯನ್ನು ರಣರಂಗ ಮಾಡುತ್ತಾರೆ.

“ಹುಲ್ಲಿನ ಔಷಧಿ ಪುಡಿ ಅಂದ್ಬಿಡೋಣ” ಎಂದರು ಇವರು. ನಾನೂ ಹೂಂ ಎಂದೆ.

ಮರುದಿನ ಸಂಜೆ ಇವರು ಬಕೆಟ್ ತುಂಬಿಸಿಟ್ಟು ಒಳಗೆ ಬಂದರೆ, ಅತ್ತೆ ಹೆಮ್ಮೆಯಿಂದ ಡಬ್ಬಿ ಮುಂದೆ ಹಿಡಿದರು.

“ನಿನ್ನ ಔಷಧಿ ಪೂರ್ತಿ ತಂಡಿ ಹಿಡಿದಿತ್ತು ಕಣೋ. ತಾರಸಿ ಮೇಲೆ ಹರವಿದ್ದೆ. ನೋಡು, ಹೇಗೆ ಒಣಗಿದೆ! ಪುಟ್ಟಿಗೋಸ್ಕರ ತರಿಸಿದ್ದಲ್ವಾ, ಕಾಗೆ ಬಾಯಿ ಹಾಕ್ಬಾರ್ದು ಅಂತ ಅಲ್ಲೇ ಕೂತು ಕಾಯ್ದೆ.”

ಅವರ ಮುಖ ಬಿಸಿಲಿಗೆ ಕೆಂಪಾಗಿತ್ತು. ನನಗೆ ಕೂಗಾಡಬೇಕೆನಿಸಿತು. ಯಾರ ಮೇಲೆ ಕೂಗಾಡಲಿ? ಇವರು ಡಬ್ಬಿ ಇಸಿದುಕೊಂಡು, “ಒಳ್ಳೇದಾಯ್ತಮ್ಮ” ಎಂದರು. ಸತ್ತ ಪುಡಿಯನ್ನೇ ಕಲಸಿ, ಅತ್ತೆಯ ಕಣ್ಣೆದುರು ಹುಲ್ಲಿಗೆಲ್ಲ ಚಿಮುಕಿಸಿ ಬಂದರು.

ಹುಲ್ಲು ಒಣಗುತ್ತಲೇ ಹೋಯಿತು. ಇನ್ನೊಂದು ಪೊಟ್ಟಣ ಬರುವವರೆಗೆ ತಡೆಯಿರಿ ಎಂದು ಬೇಡಿದಾಗ ಕಾರ್ಯದರ್ಶಿ ತಲೆ ತಗ್ಗಿಸಿದರು. ಕೆಟ್ಟವರೇನಲ್ಲ, ಪಾಪ.

“ನನ್ನ ಕೈಲಿ ಏನೂ ಇಲ್ಲಪ್ಪ. ಸಭೇಲಿ ಎಲ್ರೂ ವಿಷಕ್ಕೇ ಕೈ ಎತ್ತಿದ್ರು. ಬೆಳಿಗ್ಗೆ ನೀನೇ ಹೊಡೀಬೇಕು. ಮಗೂನ ಕೆಲವು ತಿಂಗಳು ಒಳಗೇ ಇಟ್ಕೊ.”

ಬೆಳಿಗ್ಗೆ ಇವರು ಮೂಗು ಬಾಯಿಗೆ ಬಟ್ಟೆ ಕಟ್ಟಿ, ಸಿಂಪಡಿಸುವ ಡಬ್ಬ ಬೆನ್ನಿಗೇರಿಸಿದರು. ಅತ್ತೆ ಪುಟ್ಟಿಯನ್ನೆತ್ತಿಕೊಂಡು ಕಿಟಕಿಗೆ ಬಂದರು.

“ಯಾಕೆ, ನಾನು ಒಣಗಿಸಿಕೊಟ್ಟಿದ್ದು ಸಾಕಾಗ್ಲಿಲ್ವಾ?”

“ಸಾಕಾಗ್ಲಿಲ್ಲ ಅತ್ತೆ” ಎಂದೆ.

“ಅಪ್ಪಾ, ನಾನೂ!” ಎಂದು ಪುಟ್ಟಿ ಸರಳಿನಾಚೆ ಕೈ ಚಾಚಿದಳು. ಇವರು ತಿರುಗಿ ನೋಡಲಿಲ್ಲ. ಅವಳು ದಿನಾ ಎದ್ದು ನಿಲ್ಲುತ್ತಿದ್ದ ಮೂಲೆಯೊಂದನ್ನು ಬಿಟ್ಟು ಉಳಿದ ಕಡೆಗೆಲ್ಲ ಹೊಡೆದರು. ಆಮೇಲೆ ಅಲ್ಲಿಗೂ ಹೊಡೆದರು.