ಒಂದು ಗೇಣಿನ ಚಕ್ರ

ನಾಲ್ಕನೆಯ ಚಕ್ರ ಸಿಕ್ಕಿಸಿ ಕೈಬಿಟ್ಟೊಡನೆ ರಟ್ಟಿನ ಬಸ್ಸು ಎಡಕ್ಕೆ ವಾಲಿತು. ಮಕ್ಕಳು ಯಾರೂ ನಗಲಿಲ್ಲ.

ಆ ಚಕ್ರ ತಂದವಳು ಬಾಗಿಲ ಬಳಿ ಖಾಲಿ ಕೈಚೀಲ ಮಡಚುತ್ತ ನಿಂತಿದ್ದಳು. ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುವವಳು. ಈ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದ ಅವಳ ಮಗ ಜ್ವರದಲ್ಲಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಮಂಚದ ಕೆಳಗೆ ಗುಡಿಸುವಾಗ ಸಿಕ್ಕಿತು, ಬಸ್ಸಿಗೆ ಬೇಕಾಗಬಹುದು ಅಂತ ತಂದೆ ಎಂದಷ್ಟೇ ಹೇಳಿದ್ದಳು.

ತಪ್ಪು ಬಡಗಿ ಮಾಮನದು. ಭಾನುವಾರಗಳಲ್ಲಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮಕ್ಕಳಿಂದ ಬಸ್ಸು ಕಟ್ಟಿಸುತ್ತಿದ್ದ ಆತ, ನಾಲ್ವರಿಗೆ ಒಂದೊಂದು ಚಕ್ರ ಮನೆಯಲ್ಲೇ ಮಾಡಿ ತರಲು ಹೇಳಿದ್ದ. ಒಂದು ಗೇಣು ಅಗಲ ಇರಲಿ ಅಂದಿದ್ದನೇ ಹೊರತು ಯಾರ ಗೇಣು ಎಂದಿರಲಿಲ್ಲ. ಉಳಿದ ಮೂವರು ಒಂದೇ ವಯಸ್ಸಿನವರು, ಅವರ ಚಕ್ರಗಳು ಹೆಚ್ಚುಕಡಿಮೆ ಸಮ; ಇದೊಂದೇ ಚಿಕ್ಕದು.

ಅಂದು ಮನೆಯಲ್ಲಿ ಆ ಚಿಕ್ಕ ಹುಡುಗ ರಟ್ಟಿನ ಮೇಲೆ ಬೆರಳು ಚಾಚಿ ಅಳೆಯುವಾಗ ತಾಯಿ ಪಕ್ಕದಲ್ಲೇ ಇದ್ದಳು. ಟೇಪು ಅವಳ ಕೊರಳಲ್ಲೇ ಇತ್ತು. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ.

ಬೇರೆ ಚಕ್ರ ಕತ್ತರಿಸಲು ಐದು ನಿಮಿಷ ಸಾಕು. ಬಡಗಿ ಕತ್ತರಿಯತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವಳೇ ಹೇಳಿದಳು.

"ಸರಿಹೋಗಲ್ಲ ಬಿಡಿ ಅಣ್ಣ. ಕೊಡಿ, ತಗೊಂಡು ಹೋಗ್ತೀನಿ."

ದನಿಯಲ್ಲಿ ಏನೂ ಇರಲಿಲ್ಲ. ಹೊಂದದ ಗುಂಡಿಯನ್ನು ವಾಪಸು ಕೇಳುವ ಹಾಗಿತ್ತು.

ಎಲ್ಲದಕ್ಕೂ ವಾದಕ್ಕೆ ನಿಲ್ಲುವ ಹುಡುಗಿಯೊಬ್ಬಳಿಗೆ ಅಲ್ಲಿ ಲಾಯರಮ್ಮ ಎಂದೇ ಹೆಸರು. ಅವಳು ಕುಕ್ಕರಗಾಲಲ್ಲಿ ಕೂತು ಬಸ್ಸಿನಿಂದ ತನ್ನ ಚಕ್ರ ಕಿತ್ತುಕೊಂಡಳು.

"ನಮ್ಮವನ್ನೇ ಕತ್ತರಿಸೋಣ ಮಾಮ."

"ಬಸ್ಸು ಕುಳ್ಳಾಗುತ್ತಲ್ಲೇ," ಅಂದ ಪಕ್ಕದ ಹುಡುಗ.

"ಆಗ್ಲಿ. ದೊಡ್ಡದನ್ನ ಚಿಕ್ಕದು ಮಾಡಬಹುದು. ಇದನ್ನ ಹೇಗೋ ದೊಡ್ಡದು ಮಾಡ್ತೀಯ?"

ಅವಳು ಚಿಕ್ಕ ಚಕ್ರವನ್ನು ತನ್ನದರ ಮೇಲಿಟ್ಟು ಸುತ್ತ ಪೆನ್ಸಿಲು ಎಳೆದಳು. ರಟ್ಟು ದಪ್ಪ, ಕತ್ತರಿ ಮೊಂಡು. ಮೂರನೆಯದಕ್ಕೆ ಬರುವಷ್ಟರಲ್ಲಿ ಮಕ್ಕಳ ಬೆರಳು ಕೆಂಪಾಗಿದ್ದವು. ತಾಯಿ ಬಂದು ಕತ್ತರಿ ತೆಗೆದುಕೊಂಡಳು. ಗೆರೆ ತಪ್ಪದೆ ಕತ್ತರಿಸಿದಳು.

ಬಸ್ಸು ನೆಲಕ್ಕೆ ಹತ್ತಿರವಾಗಿ, ನೆಟ್ಟಗೆ ನಿಂತಿತು. ಲಾಯರಮ್ಮ ತಳ್ಳಿದಳು. ಅದು ಗೋಡೆಯವರೆಗೆ ಹೋಯಿತು. ಮಕ್ಕಳು ಹಿಂದೆಯೇ ಓಡಿದರು.

ತಾಯಿ ಬಗ್ಗಿ ಚೂರುಗಳನ್ನು ಆಯತೊಡಗಿದಳು. ಬೆರಳಗಲದ ರಟ್ಟಿನ ಬಳೆಗಳು, ಕತ್ತರಿ ಹೊಕ್ಕ ಕಡೆ ಬಾಯಿ ಬಿಟ್ಟಿದ್ದವು. ಒಂದನ್ನು ನೆಲದ ಮೇಲೆ ಕೂಡಿಸಿಟ್ಟು, ನಡುವೆ ಉಳಿದ ಮಗನ ಗೇಣಿನಷ್ಟು ಖಾಲಿಯಲ್ಲಿ ತನ್ನ ಗೇಣು ಚಾಚಿದಳು. ಹೆಬ್ಬೆರಳು, ಕಿರುಬೆರಳು ಎರಡೂ ಅಂಚು ದಾಟಿ ಆಚೆ ಬಿದ್ದವು. ಅಂಚಿನೊಳಗೆ ಬರುವಷ್ಟು ಬೆರಳುಗಳನ್ನು ಮಡಚಿಕೊಂಡಳು.