ಕೋಣೆಯ ಮೌನ

“ಇನ್ನೊಂದ್ಸಲ ಟೀಚರೇ. ‘ನಂಬಿಕೆ’ ಅನ್ನೋ ಹೊತ್ತಿಗೆ ಸರಿಯಾಗಿ ಪುಟ ಸರ್ರ್ ಅಂತು.”

ಗಾಜಿನ ಆಚೆ ಕೂತವನ ದನಿ ಹೆಡ್‌ಫೋನಿನಲ್ಲಿ ಕೇಳಿಸಿತು. ಅವಳು ತಲೆಯಾಡಿಸಿ, ಪುಟದ ಮೂಲೆಯನ್ನು ಮೊದಲೇ ಎತ್ತಿ ಹಿಡಿದುಕೊಂಡು ಆ ವಾಕ್ಯವನ್ನು ಮತ್ತೆ ಓದಿದಳು. ಮೇಜಿನ ತುದಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಷ್ಟು ಹೊತ್ತು ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ಆಡುವಂತಿಲ್ಲ, ಕೆಮ್ಮುವಂತಿಲ್ಲ, ಕುರ್ಚಿಯಲ್ಲಿ ಮಿಸುಕಾಡುವಂತಿಲ್ಲ. ಚಪ್ಪಲಿ ಕೂಡ ಬಾಗಿಲ ಹೊರಗೇ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವ ಗ್ರಂಥಾಲಯ ಅದು. ಓದುವುದು ಅವಳ ಕೆಲಸ. ಯಂತ್ರ ನೋಡಿಕೊಂಡು, ತಪ್ಪು ಹಿಡಿದು, ಕತ್ತರಿಸಿ ಜೋಡಿಸುವುದು ಆತನದು. ಹಿಂದೊಮ್ಮೆ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಮಾಡುತ್ತಿದ್ದಳೆಂಬ ಸುದ್ದಿ ಹೇಗೋ ಹಬ್ಬಿ ಅವಳು ಎಲ್ಲರಿಗೂ ‘ಟೀಚರ್’ ಆಗಿದ್ದಳು. ಸೊಳ್ಳೆ ರೆಕ್ಕೆ ಬಡಿದರೂ ಕೇಳಿಸಿಕೊಳ್ಳುತ್ತಾನೆಂದು ಆತನಿಗೆ ‘ಕಿವಿಯಪ್ಪ’ ಎಂದು ಹೆಸರಿಟ್ಟಿದ್ದರು. ಆತ ಅದಕ್ಕೂ ಓಗೊಡುತ್ತಿದ್ದ.

ಈ ಸಲದ ಪುಸ್ತಕ ಅವಳ ತಲೆ ತಿನ್ನುತ್ತಿತ್ತು. ದೃಷ್ಟಿ ಕಳೆದುಕೊಂಡ ನಿವೃತ್ತ ಪ್ರಾಧ್ಯಾಪಕರೊಬ್ಬರು ಕೇಳಿ ತರಿಸಿದ್ದು. ಕ್ರೈಸ್ತ ಅಸ್ತಿತ್ವವಾದದ ಮೇಲೆ. ಮೊದಮೊದಲು ತಲೆಬುಡ ತಿಳಿಯಲಿಲ್ಲ. ಅರ್ಥವಾಗದ್ದನ್ನು ಅರ್ಥವಾದವಳಂತೆ ಓದುವುದು ಅವಳಿಗೆ ರೂಢಿಯಾಗಿತ್ತು. ತೆರಿಗೆಯ ಕಾನೂನನ್ನೂ ಕೋಳಿ ಸಾಕಣೆಯನ್ನೂ ಹಾಗೆಯೇ ಓದಿದ್ದಳು. ಆದರೆ ಇದರ ವಾಕ್ಯಗಳು ಮನೆಯವರೆಗೂ ಬೆನ್ನುಹತ್ತಿ ಬರುತ್ತಿದ್ದವು. ನಂಬುವ ಮುಂಚೆ ಆಧಾರ ಕೇಳುವವನಿಗೆ ಬೇಕಾದದ್ದು ಆಧಾರವೇ ಹೊರತು ದೇವರಲ್ಲ, ಎನ್ನುತ್ತಿತ್ತು ಪುಸ್ತಕ. ಒಬ್ಬರ ಹಸಿವಿಗೆ ಇನ್ನೊಬ್ಬರು ಉಣ್ಣಲಾಗದಂತೆ ಒಬ್ಬರ ಪರವಾಗಿ ಇನ್ನೊಬ್ಬರು ನಂಬಲಾಗದು.

ಅವಳು ಅಷ್ಟು ವರ್ಷವೂ ಅಮ್ಮನ ನಂಬಿಕೆಯ ನೆರಳಿನಲ್ಲೇ ಇದ್ದವಳು. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತ ಕೂದಲು ನರೆಯಿತು, ಮದುವೆಯ ಮಾತು ತಾನಾಗಿ ನಿಂತಿತು. ಅಮ್ಮ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕೂತರೆ ಬೀಗ ಹಾಕಿದ ಮನೆಯ ಬಾಗಿಲು ಬಡಿದಂತಾಗುತ್ತಿತ್ತು. ಬಡಿಯುವುದನ್ನು ಬಿಟ್ಟಳು. ಈಗ ಮನೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ, ಗೋಡೆಗೆ ಒತ್ತರಿಸಿದ ಅಮ್ಮನ ಖಾಲಿ ಮಂಚ. ದಿನವಿಡೀ ಓದಿ ದಣಿದ ಗಂಟಲಿನಿಂದ ಅಲ್ಲಿ ಮಾರನೆಯ ಬೆಳಗಿನವರೆಗೂ ಒಂದು ಶಬ್ದ ಹೊರಡುತ್ತಿರಲಿಲ್ಲ.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಪ್ರತಿ ಅಧ್ಯಾಯ ಮುಗಿದ ಮೇಲೆ ಓದಿದವರು ಅರ್ಧ ನಿಮಿಷ ಅಲ್ಲಾಡದೆ ಸುಮ್ಮನೆ ಕೂರಬೇಕು. ಆ ಮೌನವೂ ಮುದ್ರಿತವಾಗುತ್ತದೆ. ಖಾಲಿ ಕೋಣೆಗೂ ಅದರದೇ ಒಂದು ಸದ್ದಿರುತ್ತದೆ. ಓದಿನ ನಡುವಿನ ಕೆಮ್ಮನ್ನೋ ತೊದಲನ್ನೋ ಕತ್ತರಿಸಿದ ಜಾಗಕ್ಕೆ ಈ ಮೌನದ ತುಣುಕನ್ನು ತೇಪೆ ಹಾಕುತ್ತಾರೆ. ಇಲ್ಲದಿದ್ದರೆ ಕೇಳುವವರಿಗೆ ನಡೆಯುತ್ತ ನಡೆಯುತ್ತ ಹಳ್ಳಕ್ಕೆ ಬಿದ್ದಂತಾಗುತ್ತದೆ. ಅದನ್ನು ಅವರು ‘ಕೋಣೆಯ ಮೌನ’ ಎನ್ನುತ್ತಿದ್ದರು.

ಈ ಪುಸ್ತಕದ ಮೊದಲ ಅಧ್ಯಾಯ ಮುಗಿದು ಇಬ್ಬರೂ ಹಾಗೆ ಸುಮ್ಮನೆ ಕೂತಿದ್ದಾಗ, ಆತ ಗಾಜಿನ ಆಚೆ ಕಣ್ಣು ಮೇಲೆ ಮಾಡಿ, ಕೇಳಿ ಕೇಳಿ ಮೂರ್ಛೆ ಹೋದವನಂತೆ ಕುರ್ಚಿಯಲ್ಲಿ ವಾಲಿದ. ತುಟಿ ಕಚ್ಚಿ ಹಿಡಿದರೂ ಅವಳ ಮೂಗಿನಿಂದ ಪುಸ್ ಎಂದು ನಗು ಜಾರಿತು.

“ಹಾಳಾಯ್ತು. ಇನ್ನೊಂದ್ಸಲ ಸುಮ್ನೆ ಕೂತ್ಕೊಳ್ಳಿ,” ಎಂದು ತಾನೇ ಗದರಿದ. ಆಮೇಲೆ ಚಹಾದ ಹೊತ್ತಿಗೆ, ಲೋಟದೊಳಗೆ ನೋಡುತ್ತ ಕೇಳಿದ: “ಟೀಚರೇ, ನನ್ನ ಹೆಂಡ್ತಿ ತೀರಿಹೋಗಿ ತುಂಬ ವರ್ಷ ಆಯ್ತು. ನೀವೂ ಒಬ್ರೇ. ಇಬ್ರೂ ಒಂದೇ ಮನೇಲಿ ಇದ್ರೆ ಹೇಗೆ? ಮದುವೆ ಆಗೇ ಇರೋಣ ಅಂತ ಹೇಳ್ತಿರೋದು ಮತ್ತೆ. ತಪ್ಪು ತಿಳೀಬೇಡಿ.”

“ಯೋಚ್ನೆ ಮಾಡಿ ಹೇಳ್ತೀನಿ,” ಎಂದು ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದ್ದಳು.

“ಇನ್ನೂ ಯೋಚ್ನೇನಾ?” ಎಂದು ದೂರದೂರಿನಲ್ಲಿದ್ದ ಅಕ್ಕ ಫೋನಿನಲ್ಲಿ ರೇಗಿದಳು. “ಆ ಮನುಷ್ಯ ಒಳ್ಳೆಯೋನು ತಾನೆ?”

“ಒಳ್ಳೆಯೋರೇ ಅಕ್ಕ. ಆದ್ರೆ ನಾಳೆ ಹೇಗೋ ಏನೋ. ನನಗಿರೋದು ಪ್ರೀತೀನೋ, ಒಬ್ಳೇ ಇರೋ ಭಯಾನೋ, ಅದೇ ಗೊತ್ತಾಗ್ತಿಲ್ಲ. ಖಾತ್ರಿ ಆದ್ಮೇಲೆ ಹೇಳೋಣ ಅಂತ…”

“ಗ್ಯಾರಂಟಿ ಕಾರ್ಡ್ ಬರೆದುಕೊಡೋಕೆ ಅವನೇನು ಮಿಕ್ಸೀನೇನೇ?”

ಇಬ್ಬರೂ ನಕ್ಕರು. ಫೋನ್ ಇಟ್ಟ ಮೇಲೆ ನಗು ಬಂದ ಜಾಗ ಬಣಗುಟ್ಟಿತು.

ಕೆಲವು ವಾರಗಳ ಮೇಲೆ ಪುಸ್ತಕದಲ್ಲಿ ದೋಣಿಯ ಮಾತು ಬಂತು. ಬಿರುಗಾಳಿಯಲ್ಲಿ ಯೇಸು ನೀರಿನ ಮೇಲೆ ನಡೆದು ಬಂದದ್ದು, ಶಿಷ್ಯನೊಬ್ಬ ದೋಣಿಯಿಂದ ಇಳಿದು ಎದುರು ಹೋದದ್ದು; ಮಕ್ಕಳಿಗೆ ಅವಳೇ ಎಷ್ಟೋ ಸಲ ಹೇಳಿದ್ದ ಕಥೆ. ಪುಸ್ತಕ ಮಾತ್ರ ಇಳಿದವನನ್ನು ಬಿಟ್ಟು ಉಳಿದವರ ಕಡೆ ತಿರುಗಿತು. ‘ದೋಣಿಯಲ್ಲಿ ಉಳಿದವರಿಗೂ ನಂಬಿಕೆಯಿತ್ತು. ಅದು ದೋಣಿಯ ಮೇಲಿತ್ತು. ನೀರು ತನ್ನನ್ನು ಹೊರುತ್ತದೆಯೇ ಎಂಬುದು ಕಾಲಿಡುವ ಮುಂಚೆ ತಿಳಿಯುವಂಥದ್ದಲ್ಲ. ಪ್ರೀತಿಯೂ ಅಷ್ಟೆ.’

ಮುಂದಿನ ಸಾಲು ಕಣ್ಣಿಗೆ ಕಂಡಿತು, ನಾಲಿಗೆಗೆ ಬರಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು. ಅಮ್ಮ ಹೋದಂದಿನಿಂದ ಒಳಗೆ ಕಟ್ಟಿಕೊಂಡಿದ್ದ ಮಾತು ಒಡ್ಡು ಒಡೆದು ಬಂತು.

“ನಾನು ದೋಣೀಲೇ ಇದ್ದುಬಿಡ್ತೀನಿ ಕರ್ತನೇ. ನೀನು ಕರೆದ್ರೂ ಅಷ್ಟೆ, ಇವರು ಕರೆದ್ರೂ ಅಷ್ಟೆ. ನನ್ನ ಕೈಲಿ ಆಗಲ್ಲ.”

ಗಟ್ಟಿಯಾಗಿ ಹೇಳಿಬಿಟ್ಟೆನೆಂದು ಅರಿವಾಗಿ ತಲೆಯೆತ್ತಿದಳು. ಗಾಜಿನ ಆಚೆ ಆತ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದ. ಅವಳ ಜೊತೆ ಮಾತಾಡಲು ಒತ್ತುವ ಗುಂಡಿಯ ಮೇಲೆ ಬೆರಳಿತ್ತು, ಒತ್ತಲಿಲ್ಲ. ಕೊನೆಗೆ ಒತ್ತಿ, “ಮುಂದಿನ ಸಾಲಿಂದ ತಗೊಳ್ಳಿ,” ಎಂದ. ‘ಟೀಚರೇ’ ಎನ್ನಲಿಲ್ಲ.

ಆಮೇಲೆ ಆತ ಮದುವೆಯ ಮಾತು ಎತ್ತಲಿಲ್ಲ. ಮುಖ ಗಂಟು ಹಾಕಿಕೊಳ್ಳಲಿಲ್ಲ, ಓದಿನಲ್ಲಿ ಕೊಂಕು ತೆಗೆಯಲಿಲ್ಲ. ಚಹಾ ಎಂದಿನಂತೆ ಅವಳ ಮೇಜಿಗೆ ಬರುತ್ತಿತ್ತು. ತನ್ನದನ್ನು ಆತ ಕಿಟಕಿಯ ಬಳಿ ನಿಂತು ಕುಡಿಯುತ್ತಿದ್ದ. ಮೌನ ಮುದ್ರಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಗೊತ್ತಾಯ್ತಾ ಟೀಚರ್?” ಎಂದರು ಗ್ರಂಥಾಲಯದ ಮೇಲ್ವಿಚಾರಕಿ ಒಂದು ದಿನ. “ಕಿವಿಯಪ್ಪ ಮೇಲಿನ ಮಹಡಿ ದಾಸ್ತಾನು ಕೋಣೆಗೆ ಹಾಕಿ ಅಂತ ಕೇಳ್ಕೊಂಡಿದಾರೆ. ಈ ಪುಸ್ತಕ ಮುಗಿಸಿ ಹೋಗ್ತಾರಂತೆ. ಕಿವಿಗೆ ವಯಸ್ಸಾಯ್ತಂತೆ. ನಿನ್ನೆ ನಾನು ಬಾಗಿಲು ಹಾಕ್ಕೊಂಡು ಅವರನ್ನ ಬೈದಿದ್ದು ಅಕ್ಷರ ಬಿಡದೆ ಕೇಳಿಸ್ಕೊಂಡಿದಾರೆ. ವಯಸ್ಸಾಯ್ತಂತೆ!”

ಅವಳು ನಗಲು ನೋಡಿದಳು.

ಓದಿದ್ದನ್ನು ಓದಿದವರೇ ಒಮ್ಮೆ ಕೇಳಿ ಒಪ್ಪಬೇಕೆಂಬುದು ಅಲ್ಲಿನ ನಿಯಮ. ದೋಣಿಯ ಅಧ್ಯಾಯವನ್ನು ಅವಳು ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ಕೊನೆಯ ಅಧ್ಯಾಯ ಓದಬೇಕಿದ್ದ ಬೆಳಗ್ಗೆ ಬೇರೆ ದಾರಿ ಕಾಣದೆ ಮೂಲೆಯ ಮೇಜಿಗೆ ಕೂತು ಹೆಡ್‌ಫೋನ್ ಹಾಕಿಕೊಂಡಳು. ‘ಪ್ರೀತಿಯೂ ಅಷ್ಟೆ’ ಎಂದಿತು ಅವಳ ದನಿ. ಮುಂದಿನದಕ್ಕೆ ಕಾದಳು. ದೋಣಿ, ಕರ್ತ, ಆಗಲ್ಲ, ಒಂದೂ ಬರಲಿಲ್ಲ. ಆ ಜಾಗದಲ್ಲಿ ಕೋಣೆಯ ಮೌನವಿತ್ತು. ಅದರ ಕೊನೆಯಲ್ಲಿ, ಬೇರೆ ಯಾರ ಕಿವಿಗೂ ಬೀಳದಷ್ಟು ಸಣ್ಣಗೆ, ಮೂಗಿನಿಂದ ಪುಸ್ ಎಂದು ಜಾರಿದ ಒಂದು ಉಸಿರು.

ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಹಾಳಾಯ್ತೆಂದು ಎಸೆದಿರಬೇಕಾಗಿದ್ದ ಆ ಮೊದಲ ಅಧ್ಯಾಯದ ಮೌನ. ತೇಪೆ ಹಾಕಲು ಸ್ವಚ್ಛವಾದ ಮೌನಗಳು ಬೇಕಾದಷ್ಟಿದ್ದವು. ಸೊಳ್ಳೆಯ ರೆಕ್ಕೆ ಕೇಳುವವನಿಗೆ ಇದು ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ಅವಳ ‘ಆಗಲ್ಲ’ವನ್ನು ಆತ ಹೊಟ್ಟೆಗೆ ಹಾಕಿಕೊಂಡು, ಅದಿದ್ದ ಜಾಗಕ್ಕೆ ಅವಳ ನಗುವನ್ನು ಜೋಡಿಸಿದ್ದ. ಆ ಪ್ರಾಧ್ಯಾಪಕರು ಕೇಳುವಾಗ, ಓದುವವಳು ಒಂದು ಕ್ಷಣ ಯೋಚಿಸಲು ನಿಂತಳು ಎಂದಷ್ಟೇ ಅಂದುಕೊಳ್ಳುತ್ತಾರೆ.

ತಪ್ಪೇನೂ ಇಲ್ಲವೆಂದು ಗುರುತು ಹಾಕಿ ಅವಳು ಎದ್ದಳು.

ಕೊನೆಯ ಅಧ್ಯಾಯವನ್ನು ಎಲ್ಲಿಯೂ ತಡವರಿಸದೆ ಓದಿದಳು. ಪುಸ್ತಕ ಯಾವ ಪ್ರಶ್ನೆಗೂ ಉತ್ತರ ಹೇಳದೆ ಮುಗಿಯಿತು.

“ಚೆನ್ನಾಗಿ ಬಂತು,” ಎಂದ ಆತ. “ಕೋಣೆಯ ಮೌನ ಒಂದು ತಗೊಂಡ್ರೆ ಮುಗೀತು.” ಯಂತ್ರದತ್ತ ತಿರುಗಿ, “ನಾಳೆಯಿಂದ ಬೇರೆಯವರು ಬರ್ತಾರೆ. ನೀರಿನ ಬಾಟ್ಲಿ ಮುಚ್ಚಳ ಬಿಗಿಯಾಗಿ ಹಾಕಿ. ಸಡಿಲ ಇದ್ರೆ ಸದ್ದು ಬರುತ್ತೆ, ಅವರಿಗೆ ಗೊತ್ತಾಗಲ್ಲ,” ಎಂದ. ಹೆಡ್‌ಫೋನ್ ಸರಿಮಾಡಿಕೊಂಡು ಕಣ್ಣು ಮುಚ್ಚಿದ.

ಕೆಂಪು ದೀಪ ಹೊತ್ತಿಕೊಂಡಿತು. ಗಾಜಿನಲ್ಲಿ ಆತನ ಮುಖದ ಮೇಲೆ ಅವಳ ಮುಖದ ನೆರಳು ಬಿದ್ದಿತ್ತು. ಖಾತ್ರಿ ಎಂಬುದು ಈ ಬೆಳಗ್ಗೆಯೂ ಬಂದಿರಲಿಲ್ಲ. ಅದೇ ಹಳೆಯ ಭಯ ಇದ್ದೇ ಇತ್ತು. ಕರ್ತನೇ, ಎಂದಳು ಮನಸ್ಸಿನಲ್ಲೇ. ಕೋಣೆಯ ಸದ್ದು ಮಾತ್ರ ಕೇಳುತ್ತಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ಕೇಳಿದಳು.

ಹೆಡ್‌ಫೋನ್ ತೆಗೆದಿಟ್ಟು ಎದ್ದಾಗ ಕುರ್ಚಿ ಕಿರುಗುಟ್ಟಿತು. ಬರಿಗಾಲಿಗೆ ನೆಲ ತಣ್ಣಗೆ ತಾಗಿತು. ದಪ್ಪ ಬಾಗಿಲನ್ನು ಎಳೆದು, ಹಾಗೆಯೇ ತೆರೆದು ಬಿಟ್ಟು, ಆತನಿದ್ದ ಕಡೆಗೆ ಬಂದಳು. ದೀಪ ಉರಿಯುತ್ತಿರುವಾಗ ಅವಳು ಅಲ್ಲಿಗೆ ಕಾಲಿಟ್ಟದ್ದೇ ಇಲ್ಲ.

ಆತನ ಕಣ್ಣು ತೆರೆದಿತ್ತು. ಗಾಜಿನ ಆಚೆಯ ಖಾಲಿ ಕುರ್ಚಿಯನ್ನು ನೋಡುತ್ತಿದ್ದ. ಅವಳು ಆತನ ಹಿಂದೆ ನಿಂತು ತಾನೂ ಅದನ್ನೇ ನೋಡಿದಳು. ಮೇಜು, ತೆರೆದ ಪುಸ್ತಕ, ಮುಚ್ಚಳ ಹಾಕದ ನೀರಿನ ಬಾಟಲಿ. ಎಷ್ಟು ಸಣ್ಣ ಕೋಣೆ. ಪರದೆಯ ಮೇಲೆ ಮುದ್ರಿತವಾಗುತ್ತಿದ್ದ ಸದ್ದಿನ ನೇರ ಗೆರೆಯೊಂದು ಹರಿಯುತ್ತಿತ್ತು. ಕುರ್ಚಿ ಕಿರುಗುಟ್ಟಿದ ಕಡೆ ಒಂದು ದಿಬ್ಬ, ಬಾಗಿಲು ತೆರೆದ ಕಡೆ ಇನ್ನೊಂದು, ಅಲ್ಲಿಂದ ಹೆಜ್ಜೆಯ ಸಣ್ಣ ಸಣ್ಣ ಉಬ್ಬುಗಳು ಇಲ್ಲಿಯವರೆಗೆ. ಅರ್ಧ ನಿಮಿಷ ಯಾವಾಗಲೋ ಕಳೆದಿತ್ತು. ಆತ ತಿರುಗಲಿಲ್ಲ, ಯಂತ್ರವನ್ನೂ ನಿಲ್ಲಿಸಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು.