ದಾಸಪ್ಪ ಕುರಿ ಮಾರಲಿಲ್ಲ

ಕೆಲ ವರ್ಷಗಳ ಹಿಂದಿನ ಮಾತು. ಜಗಳೂರು ಸೀಮೆಯ ದಾಸಪ್ಪ ಬೇಸಿಗೆ ಬಂತೆಂದರೆ ಕುರಿ ಮಂದೆ ಹೊಡೆದುಕೊಂಡು ಹೊನ್ನಾಳಿ ಕಡೆ ಹೋಗಿ, ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ತರುಬಿ ನಿಲ್ಲಿಸಿ, ಮುಂಗಾರಿಗೆ ಊರು ಸೇರುತ್ತಿದ್ದ. ತೋಳಕ್ಕೆ ಹೆದರದ ಆಸಾಮಿ. ಅಂಥವನು ಅರವತ್ತು ದಾಟಿದ ಮೇಲೆ ಒಂದು ರಕ್ತ ಪರೀಕ್ಷೆಗೆ ಹೆದರಿದ.

ಆದದ್ದಿಷ್ಟು. ಒಂದಕ್ಕೆ ಹೋದರೆ ತಡೆತಡೆದು ಬರುತ್ತಿತ್ತು. ದಾವಣಗೆರೆಯ ಆಸ್ಪತ್ರೆಗೆ ಹೋದ. ಗಂಡಸರಿಗೆ ಮೂತ್ರಚೀಲದ ಬುಡದಲ್ಲಿ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದೆ, ವಯಸ್ಸಾದಂತೆ ಊದಿಕೊಳ್ಳುತ್ತದೆ ಎಂದು ಡಾಕ್ಟರು ತಿಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಅಂಶ ಸ್ವಲ್ಪ ಹೆಚ್ಚಿತ್ತು. ದೀಪಾವಳಿ ಕಳೆದು ಮತ್ತೆ ಮಾಡಿಸಿದಾಗ ಇನ್ನೂ ಏರಿತ್ತು. ಇನ್ನೊಂದು ಪರೀಕ್ಷೆ ಆಗಬೇಕು, ಬೇಗ ಬಾ ಅಂದರು. ದಾಸಪ್ಪ ಹೂಂ ಅಂದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿಕೊಂಡದ್ದು ಪಕ್ಕದ ಮನೆಯ ಸಣ್ಣಪ್ಪನ ಹತ್ತಿರ ಮಾತ್ರ. ಅವನೋ, ತನ್ನ ಸೋದರಮಾವನಿಗೂ ಹಿಂಗೇ ಏರಿತ್ತು, ಕ್ಯಾನ್ಸರ್ ಅಂದರು, ಉಳಿಯಲಿಲ್ಲ, ಪರೀಕ್ಷೆ ಅಂತ ಕೆದಕಿದರೆ ಮೈಯೆಲ್ಲ ಹರಡುತ್ತದೆ ಎಂದುಬಿಟ್ಟ. ಅಂದಿನಿಂದ ದಾಸಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಸೊಂಟ ಹಿಡಿದರೂ ಅದೇ ರೋಗ, ಕೆಮ್ಮು ಬಂದರೂ ಅದೇ ರೋಗ ಅನ್ನಿಸುತ್ತಿತ್ತು. ಕೊನೆಗೆ, ಇನ್ನು ನನ್ನಿಂದಾಗದು ಎಂದು ಮಂದೆಯನ್ನೇ ಮಾರಲು ವ್ಯಾಪಾರಿಯನ್ನು ಕರೆಸಿದ.

ವ್ಯಾಪಾರಿ ಬಂದ ಬೆಳಿಗ್ಗೆ ಹೆಂಡತಿ ದುರುಗಮ್ಮ ಕುರಿ ರೊಪ್ಪದ ಬಾಗಿಲಿಗೆ ಅಡ್ಡ ಕೂತಳು. ಗಂಡ ಏಳು ಅಂದ, ಏಳಲಿಲ್ಲ. ಗದರಿದ, ಜಗ್ಗಲಿಲ್ಲ. ಯಾಕೆ ಮಾರುತ್ತೀರಿ, ಅದನ್ನು ಹೇಳಿ ಅನ್ನುವುದೊಂದೇ ಮಾತು. ವ್ಯಾಪಾರಿ ಕಾದು ಕಾದು ಎದ್ದುಹೋದ ಮೇಲೆ ದಾಸಪ್ಪ ಅವಳ ಮುಖ ನೋಡದೆ, ಕುರಿಗಳ ಕಡೆ ನೋಡುತ್ತಲೇ ಎಲ್ಲ ಹೇಳಿದ.

ದುರುಗಮ್ಮ ಅಳಲಿಲ್ಲ. ಅವಳಿಗೆ ಸಿಟ್ಟು ಬಂತು.

"ರೋಗ ಐತೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಅಷ್ಟರಾಗೆ ಉಣ್ಣೋದು ಬಿಟ್ರಿ, ಮಾತು ಬಿಟ್ರಿ, ಈಗ ಕುರಿನೂ ಬಿಡ್ತೀನಿ ಅಂತೀರಿ. ರೋಗ ಕೇಳೋಕೆ ಮುಂಚೆ ನೀವೇ ಎಲ್ಲಾ ಎತ್ತಿ ಕೊಡ್ತಿದ್ದೀರಲ್ಲ? ನಾನು ಕೊಡಾಕಿಲ್ಲ. ನಡೀರಿ ದಾವಣಗೆರೆಗೆ."

"ಗಂಡಸರ ವಿಷಯ. ನೀನ್ಯಾಕೆ ಬರ್ತೀಯ?"

"ಗಂಡ ನನ್ನವನು ಅಂತ."

ಬಸ್ ನಿಲ್ದಾಣದಲ್ಲಿ ಸಣ್ಣಪ್ಪ ಸಿಕ್ಕಿ, ಸುಮ್ಮನೆ ಯಾಕೆ ಕೆದಕುತ್ತೀರಿ ಎಂದು ತಡೆದ. ನಿಮ್ಮ ಮಾವ ಯಾವಾಗ ಆಸ್ಪತ್ರೆಗೆ ಹೋಗಿದ್ದು ಅಂತ ದುರುಗಮ್ಮ ಕೇಳಿದಳು. ಹಾಸಿಗೆ ಹಿಡಿದ ಮೇಲೆ ಅಂದ. "ಹಂಗಾದ್ರೆ ಪರೀಕ್ಷೆ ಮಾಡಿಸಿ ಕೆಟ್ಟಿದ್ದಲ್ಲಪ್ಪ, ಮಾಡಿಸದೆ ಕೆಟ್ಟಿದ್ದು" ಎಂದು ಬಸ್ ಹತ್ತಿದಳು.

ಡಾಕ್ಟರ ಮುಂದೆ ದಾಸಪ್ಪ ತಲೆ ತಗ್ಗಿಸಿ ಕೂತಾಗ ಅವಳೇ ಕೇಳಿದಳು, ಅಂಶ ಏರಿದರೆ ಕ್ಯಾನ್ಸರ್ ಅಂತಲೇ ಅರ್ಥವೇ ಎಂದು.

"ಅಲ್ಲಮ್ಮ" ಅಂದರು ಡಾಕ್ಟರು. "ನಿಮ್ಮ ನಾಯಿ ಬೊಗಳಿದರೆ ತೋಳವೇ ಬಂದಿರಬೇಕು ಅಂತೇನಿಲ್ಲ. ಆದರೆ ಎದ್ದು ನೋಡಲೇಬೇಕು."

ಗ್ರಂಥಿ ಊದಿದರೂ ಏರಬಹುದು, ಸೋಂಕಾದರೂ ಏರಬಹುದು, ಕ್ಯಾನ್ಸರ್ ಇದ್ದರೂ ಏರಬಹುದು. ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡಿದರೆ ಗೊತ್ತಾಗುತ್ತದೆ. ಹಾಗೆ ನೋಡಿದರೆ ರೋಗ ಹರಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕ್ಯಾನ್ಸರೇ ಆದರೂ ಬೇಗ ಸಿಕ್ಕರೆ ಚಿಕಿತ್ಸೆಗೆ ದಾರಿ ಇದೆ. ಇಷ್ಟನ್ನೂ ಡಾಕ್ಟರು ಬಿಡಿಸಿ ಹೇಳಿದರು. ದಾಸಪ್ಪ ಅಂದೇ ಒಪ್ಪಿದ.

ಫಲಿತಾಂಶ ಬರುವ ತನಕದ ದಿನಗಳೇ ಕಷ್ಟ. ಹೆದರಿಕೆ ಆದಾಗ ನುಂಗಬೇಡಿ, ಹೇಳಿ ಅಂದಿದ್ದಳು ದುರುಗಮ್ಮ. ಕುರಿ ಮೇಯಿಸುತ್ತ ದಾಸಪ್ಪ ಒಮ್ಮೊಮ್ಮೆ ನಿಂತು, "ಬಂತು ನೋಡೇ" ಅನ್ನುತ್ತಿದ್ದ. "ಬರಲಿ, ಕುರಿಗೆ ನೀರು ಕುಡಿಸಾನ ಬರ್ರಿ" ಅನ್ನುತ್ತಿದ್ದಳು ಅವಳು. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಅದರ ಜೊತೆಯಲ್ಲೇ ಉಂಡ, ದುಡಿದ, ಮಲಗಿದ.

ಕ್ಯಾನ್ಸರ್ ಕಾಣಲಿಲ್ಲ, ಊತ ಮಾತ್ರ ಇತ್ತು. ಆದರೂ ಕರೆದಾಗ ಬಂದು ತೋರಿಸಬೇಕು ಅಂದರು. ಮರುವರ್ಷ ಅಂಶ ಮತ್ತೆ ಕೊಂಚ ಏರಿತು. ದಾಸಪ್ಪನಿಗೆ ಮತ್ತೆ ಹೆದರಿಕೆಯಾಯಿತು, ನಿಜ. ಆದರೆ ಮುಂದೆ ಯಾವಾಗ ಬರಲಿ ಎಂದು ಕೇಳಿಕೊಂಡು, ಮಂದೆ ಹೊಡೆದುಕೊಂಡು ಹೊನ್ನಾಳಿ ದಾರಿ ಹಿಡಿದ.

ಮುಂಗಾರಿಗೆ ಅವನು ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಸಣ್ಣಪ್ಪ ಪಕ್ಕಕ್ಕೆ ಸರಿದು, ತನಗೂ ಒಂದಕ್ಕೆ ತೊಂದರೆಯಾಗೈತೆ ಎಂದು ಪಿಸುಗುಟ್ಟಿದ. ದಾಸಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ:

"ಮೆತ್ತಗೆ ಯಾಕೆ ಹೇಳ್ತೀಯೋ? ಕಳ್ಳತನ ಮಾಡೀಯೇನು? ನನಗೂ ಐತೆ. ನಾಳೆ ಬಸ್ಸಿಗೆ ಬಾ, ಜೊತೆಗೆ ಬರ್ತೀನಿ."

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಪ್ಪಂದಿರೇ, ನಿಮಗೂ ಇಂಥ ತೊಂದರೆ ಇದ್ದರೆ ನಾಚಬೇಡಿ. ಅಂಶ ಏರಿದೆ ಅಂದ ಕೂಡಲೇ ಬದುಕು ಮುಗಿಯಿತು ಅಂದುಕೊಳ್ಳಬೇಡಿ, ಹಾಗಂತ ಮನೆಯಲ್ಲಿ ಮುಸುಕು ಹಾಕಿಕೊಂಡೂ ಕೂರಬೇಡಿ. ಮನೆಯವರಿಗೆ ಹೇಳಿ, ಡಾಕ್ಟರನ್ನು ಕೇಳಿ, ಕರೆದ ದಿನ ಹೋಗಿ. ಅಕ್ಕಂದಿರೇ, ಗಂಡ ಸುಮ್ಮನಾದರೆ ನೀವು ಸುಮ್ಮನಾಗಬೇಡಿ.